ಬಸ್ಸೂ ಬರಲಿಲ್ಲ, ಸಚಿವರೂ ಬರಲಿಲ್ಲ

ಮಾನ್ಯರೇ,

ಬಾರದ ಬಸ್ಸುಗಳ ಗೋಳನ್ನು ನಮ್ಮ ಕ್ಷೇತ್ರದ ಟಿ.ಡಿ. (ಇಲ್ಲಿನ ಸಂಸದರು) ಐರ್ಲೆಂಡ್ ಸಂಸತ್ತಿನ ಕೆಳಮನೆಯಾದ ಡಾಲ್‌ನಲ್ಲಿ ಎತ್ತಿದ ವರದಿಯನ್ನು ನಿನ್ನೆ ರಾತ್ರಿ ಓದಿದೆ. ಇವತ್ತು ಬೆಳಿಗ್ಗೆ 6.35ರ ಬಸ್ಸು ಮತ್ತೆ ಕೈಕೊಟ್ಟಿತು. ನಿಲ್ದಾಣದ ಫಲಕದಲ್ಲಿ ಎಂಟು ನಿಮಿಷ ಎಂದಿದ್ದದ್ದು ಮೂರಾಯಿತು, ‘ಡ್ಯೂ’ (ಇನ್ನೇನು ಬಂತು) ಎಂದಾಯಿತು, ಅಳಿಸಿಯೂ ಹೋಯಿತು. ರಸ್ತೆ ಮಾತ್ರ ಖಾಲಿ. ಇದಕ್ಕೆ ಇಲ್ಲಿನವರು ‘ಘೋಸ್ಟ್ ಬಸ್’ ಎಂದು ಹೆಸರಿಟ್ಟು ಸುಮ್ಮನಾಗಿದ್ದಾರೆ. ನನ್ನಿಂದ ಸುಮ್ಮನಿರಲು ಆಗುವುದಿಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್. ನಾನು ಹೋಗಿ ವಾರ್ಡ್ ವಹಿಸಿಕೊಳ್ಳುವವರೆಗೆ ರಾತ್ರಿ ಪಾಳಿಯವಳು ಕದಲುವಂತಿಲ್ಲ. ಮಳೆಯಲ್ಲಿ ನಲವತ್ತು ನಿಮಿಷ ನೆನೆದು, ಕೊನೆಗೆ ಟ್ಯಾಕ್ಸಿಗೆ 26 ಯೂರೊ ತೆತ್ತು, ಒದ್ದೆ ಕಾಲುಚೀಲದಲ್ಲೇ ಕೆಲಸಕ್ಕೆ ನಿಂತೆ. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ.

ಡಾಲ್‌ನಲ್ಲಾದರೂ ಏನಾಯಿತು? ಸಾರಿಗೆ ಖಾತೆಯ ಸಚಿವರು ಬರಲಿಲ್ಲ. ಬದಲಿಗೆ ಬಂದವರು ಬರೆದುಕೊಟ್ಟ ಹಾಳೆಯನ್ನು ಓದಿ, ಇದು ದೈನಂದಿನ ಕಾರ್ಯಾಚರಣೆಯ ವಿಷಯ, ಸಾರಿಗೆ ಪ್ರಾಧಿಕಾರವನ್ನು ಕೇಳಿ ಎಂದು ಕುಳಿತರಂತೆ. ಪ್ರಾಧಿಕಾರವನ್ನು ಕೇಳಿದರೆ ಬಸ್ ಕಂಪನಿ ಎನ್ನುತ್ತದೆ, ಕಂಪನಿ ಚಾಲಕರ ಕೊರತೆ ಎನ್ನುತ್ತದೆ. ಊರಿನಲ್ಲಿ ಅಪ್ಪ ಪಹಣಿ ತಿದ್ದುಪಡಿಗೆ ಅಲೆದಾಗ ‘ಮೇಲಿನಿಂದ ಬರಬೇಕು’ ಎಂಬ ಮಾತನ್ನೇ ಎರಡು ವರ್ಷ ಕೇಳಿಸಿಕೊಂಡರು. ಈಗ ಅದೇ ಮಾತನ್ನು ನಾನು ಇಂಗ್ಲಿಷಿನಲ್ಲಿ ಕೇಳುತ್ತಿದ್ದೇನೆ.

ರಾಷ್ಟ್ರದ ಸಂಸತ್ತಿನಲ್ಲಿ ಬಸ್ ನಿಲ್ದಾಣ, ರಸ್ತೆಗುಂಡಿಗಳ ಮಾತೇಕೆ ಎಂದು ಹಂಗಿಸುವವರಿದ್ದಾರೆ. ಕೇರಿ ಕೌಂಟಿಯ ಸಂಸದರಾದ ಹೀಲಿ-ರೇ ಸಹೋದರರಿಗೂ ಇಂಥ ಹಂಗಣೆ ತಪ್ಪಿಲ್ಲ. ಮತ್ತೆ ಎಲ್ಲಿ ಮಾತಾಡಬೇಕು? ಇಪ್ಪತ್ತರಿಂದ ಮೂವತ್ತು ಸಾವಿರ ಜನರಿಗೆ ಒಬ್ಬ ಪ್ರತಿನಿಧಿ ಎಂದು ಇಲ್ಲಿನ ಸಂವಿಧಾನವೇ ಹೇಳುತ್ತದೆ. 2024ರ ಚುನಾವಣೆಯಲ್ಲಿ 160 ಸ್ಥಾನಗಳನ್ನು 174ಕ್ಕೆ ಏರಿಸಿದ್ದೂ ಅದಕ್ಕಾಗಿಯೇ. ಅಷ್ಟು ಹತ್ತಿರದಲ್ಲಿರುವವರು ನಮ್ಮ ನಿಲ್ದಾಣದ ಬಗ್ಗೆ ಕೇಳದೆ ಇನ್ನೇನನ್ನು ಕೇಳಬೇಕು? ನಾನಿನ್ನೂ ಇಲ್ಲಿನ ಪೌರಳಲ್ಲ. ಸ್ಥಳೀಯ ಸಂಸ್ಥೆಗೆ ಮತ ಹಾಕಬಹುದು, ಡಾಲ್‌ಗೆ ಹಾಕುವಂತಿಲ್ಲ. ಹಾಗಿದ್ದೂ ಆ ಟಿ.ಡಿ. ಶನಿವಾರದ ಭೇಟಿಯಲ್ಲಿ ನನ್ನ ದೂರನ್ನು ಪೂರ್ತಿ ಕೇಳಿ ಬರೆದುಕೊಂಡರು. ಮತವಿಲ್ಲದವಳೆಂದು ಎದ್ದು ಹೋಗಲಿಲ್ಲ.

ಕಾರು ತೆಗೆದುಕೊಳ್ಳಿ ಎಂದು ಬುದ್ಧಿ ಹೇಳುವವರಿಗೂ ಒಂದು ಮಾತು. ಚಾಲನಾ ಪರೀಕ್ಷೆಯ ಸರದಿಗಾಗಿ ಏಳು ತಿಂಗಳಿಂದ ಕಾಯುತ್ತಿದ್ದೇನೆ. ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಾರೆ. ಕಳೆದ ವರ್ಷ ನಿವಾಸ ಪತ್ರದ ನವೀಕರಣ ತಡವಾಗಿ, ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಲಾಗಲಿಲ್ಲ. ಅದನ್ನು ನಾನು ಮರೆತಿಲ್ಲ. ಈ ಕಚೇರಿಗಳಲ್ಲಿ ಕುಳಿತವರು ಯಾರೂ ಬಸ್ಸಿಗಾಗಿ ಕಾಯುವುದಿಲ್ಲವೇ? ಅವರ ಮನೆಯಲ್ಲಿ ಯಾರೂ ಸಾಯುವುದಿಲ್ಲವೇ?

ಸಚಿವರು ಡಾಲ್‌ಗೆ ಬಂದು ಸ್ವಂತ ಬಾಯಿಂದ ಉತ್ತರಿಸಬೇಕು. ಬೆಳಗಿನ ಬಸ್ಸನ್ನಾದರೂ ಓಡಿಸಬೇಕು. ಆಗದಿದ್ದರೆ ಆ ಸುಳ್ಳು ಫಲಕವನ್ನು ನಾಳೆಯೇ ಕಿತ್ತುಹಾಕಲಿ, ನಾಚಿಕೆಯಾಗಬೇಕು ಇವರಿಗೆ.

– ಹಾಸನ ಜಿಲ್ಲೆಯ ನರ್ಸ್, ಡಬ್ಲಿನ್