ಹಾಸನಾಂಬೆಯ ಸಾಲಿನ ಹುಡುಗರಿಗಾಗಿ, ಚಿಕ್ಕಪ್ಪನವರಿಗೆ

ಮ್ಯಾಂಚೆಸ್ಟರ್

ಪೂಜ್ಯ ಚಿಕ್ಕಪ್ಪನವರಿಗೆ ನಿಮ್ಮ ಮಗನ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಈ ಸಲ ಹಾಸನಾಂಬೆಯ ದರ್ಶನದ ಸಾಲಿಗೆ ನಮ್ಮ ಬಡಾವಣೆಯ ಹುಡುಗರನ್ನು ಸ್ವಯಂಸೇವಕರಾಗಿ ಕಳುಹಿಸುತ್ತಿರುವುದಾಗಿಯೂ, ಸಾಲಿನಲ್ಲಿ ಯಾರಾದರೂ ಕುಸಿದರೆ ಅವರು ಏನು ಮಾಡಬೇಕೆಂಬುದನ್ನು ನಾನು ತಿಳಿಸಬೇಕೆಂದೂ ಬರೆದಿದ್ದಿರಿ. 2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾಗಿ, ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಗಿ ಬಂದ ಮೇಲೆ, ನಮ್ಮೂರಿನಲ್ಲಿ ಈ ಪ್ರಶ್ನೆ ಏಳುವುದು ಸಹಜವೇ ಆಗಿದೆ.

ನಾನು ಓದಿನ ಜೊತೆಗೆ ವಾರಾಂತ್ಯದಲ್ಲಿ ಒಂದು ಸಂಗೀತ ಸಭಾಂಗಣದಲ್ಲಿ ಭದ್ರತಾ ಕೆಲಸ ಮಾಡುತ್ತಿರುವುದು ನಿಮಗೆ ಗೊತ್ತೇ ಇದೆ. ಈ ಕೆಲಸದ ಲೈಸೆನ್ಸ್‌ಗಾಗಿ ತರಬೇತಿಗೆ ಸೇರುವ ಮೊದಲೇ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆದಿರಬೇಕೆಂಬ ನಿಯಮ ಇಲ್ಲಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಾಗೆಂದು ನಮ್ಮಿಂದ ಯಾರೂ ವೈದ್ಯಕೀಯವನ್ನು ನಿರೀಕ್ಷಿಸುವುದಿಲ್ಲ. ವೈದ್ಯಕೀಯ ತಂಡ ಬಂದು ತಲುಪುವವರೆಗಿನ ಆ ಕೆಲವು ನಿಮಿಷಗಳು ಮಾತ್ರ ನಮ್ಮವು.

ಕಳೆದ ತಿಂಗಳು ಕಾರ್ಯಕ್ರಮದ ನಡುವೆ ಮೇಲಂತಸ್ತಿನಲ್ಲಿ ಹಿರಿಯರೊಬ್ಬರು ಕುರ್ಚಿಯಲ್ಲೇ ಕುಸಿದರು. ಹತ್ತಿರವಿದ್ದ ನನ್ನ ಸಹೋದ್ಯೋಗಿ ಅವರ ಕಡೆಗೆ ನಡೆಯುತ್ತಲೇ ರೇಡಿಯೊದಲ್ಲಿ ವಿಭಾಗ, ಸಾಲು ಮತ್ತು ಕುರ್ಚಿಯ ಸಂಖ್ಯೆಯನ್ನು ಹೇಳಿ, ಆ ಬಳಿಕವೇ ಅವರಿಗೆ ಎಚ್ಚರವಿಲ್ಲ, ಉಸಿರಾಟ ಸರಿಯಿಲ್ಲ ಎಂದು ತಿಳಿಸಿದಳು. ಕಂಟ್ರೋಲ್ ರೂಮಿನವರು ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡುತ್ತಿರುವಾಗಲೇ ಇಬ್ಬರು ಅವರನ್ನು ಸಮತಟ್ಟಾದ ಹಾದಿಗೆ ಇಳಿಸಿದರು, ಏಕೆಂದರೆ ಕುರ್ಚಿಯಲ್ಲಿ ಕುಳಿತವರ ಎದೆ ಒತ್ತಲು ಬರುವುದಿಲ್ಲ. ಒಬ್ಬ ನಿಂತ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ತರಲು ಓಡಿದ, ಇನ್ನೊಬ್ಬ ಆಂಬುಲೆನ್ಸ್ ಬರುವ ಗೇಟಿನ ಬೀಗ ತೆಗೆದು ಅಲ್ಲೇ ನಿಂತ. ಉಳಿದ ನಾವು ರೋಗಿಗೆ ಬೆನ್ನು ಮಾಡಿ, ಜನರ ಕಡೆಗೆ ಮುಖ ಮಾಡಿ ನಿಂತೆವು. ಒಳಗೆ ನೋಡುತ್ತ ನಿಂತ ಕಾವಲುಗಾರನೂ ಗುಂಪಿನಲ್ಲಿ ಇನ್ನೊಬ್ಬ ಪ್ರೇಕ್ಷಕನಾಗಿಬಿಡುತ್ತಾನೆ. ಆ ಹಿರಿಯರು ಬದುಕುಳಿದರೆಂದು ಮರುವಾರ ತಿಳಿಯಿತು.

ಹೃದಯ ನಿಂತವರಿಗೆ ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಸುಮಾರು ಶೇ 10ರಷ್ಟು ಕುಗ್ಗುತ್ತದೆ. ಆದುದರಿಂದ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವುದನ್ನು ಹುಡುಗರಿಗೆ ಬೊಂಬೆಯ ಮೇಲೆ ಕಲಿಸಲೇಬೇಕು. ಏದುಸಿರಿನಂತೆ ಅಪರೂಪಕ್ಕೊಮ್ಮೆ ಬಾಯಿ ತೆರೆಯುವುದನ್ನು ಉಸಿರಾಟವೆಂದು ಭಾವಿಸಿ ಸುಮ್ಮನಿರಬಾರದೆಂದೂ ತಿಳಿಸಿರಿ. ಎಇಡಿ ತಾನೇ ಮಾತಾಡಿ ದಾರಿ ತೋರಿಸುತ್ತದೆ. ಅಗತ್ಯವಿಲ್ಲದಿದ್ದರೆ ಶಾಕ್ ಕೊಡುವುದಿಲ್ಲ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹೊಯ್ಯುವುದು, ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವುದು, ಈ ಎರಡು ತಪ್ಪುಗಳನ್ನಂತೂ ನಮ್ಮವರು ಬಿಡುವುದೇ ಇಲ್ಲ.

ಈ ದೇಶ ಇದನ್ನೆಲ್ಲ ನೋವುಂಡೇ ಕಲಿತಿದೆ. ಇದೇ ಊರಿನ ಅರೀನಾ ಎಂಬ ದೊಡ್ಡ ಸಭಾಂಗಣದಲ್ಲಿ 2017ರ ಮೇ 22ರಂದು ಬಾಂಬ್ ಸ್ಫೋಟಿಸಿ 22 ಮಂದಿ ತೀರಿಕೊಂಡಾಗ, ಸ್ಫೋಟ ನಡೆದ ಹಜಾರಕ್ಕೆ ಕಾಲಿಟ್ಟ ಆಂಬುಲೆನ್ಸ್ ಸೇವೆಯ ಪ್ಯಾರಾಮೆಡಿಕ್‌ಗಳು ಮೂವರೇ. ಸ್ಟ್ರೆಚರ್ ಇಲ್ಲದೆ ಗಾಯಾಳುಗಳನ್ನು ಜಾಹೀರಾತು ಫಲಕ, ಬ್ಯಾರಿಯರ್‌ಗಳ ಮೇಲೆ ಹೊತ್ತು ಇಳಿಸಿದರು.

ನಮ್ಮ ಸಾಲಿನಲ್ಲಿ ಕುರ್ಚಿಯ ಸಂಖ್ಯೆಗಳಿಲ್ಲ ಎಂಬುದೇ ನನ್ನ ದೊಡ್ಡ ಚಿಂತೆ. ‘ಇಲ್ಲೇ, ಬೇಗ ಬನ್ನಿ’ ಎಂದು ಫೋನಿನಲ್ಲಿ ಕೂಗಿದರೆ 108ರವರು ಎಲ್ಲಿಗೆಂದು ಬರಬೇಕು? ಬ್ಯಾರಿಕೇಡಿನ ಕಂಬಗಳಿಗೆ ದೊಡ್ಡ ಅಕ್ಷರದಲ್ಲಿ ಸಂಖ್ಯೆ ಬರೆಸಿರಿ. ಧರ್ಮದರ್ಶನದ ಸಾಲಿಗೂ ಟಿಕೆಟ್ ಸಾಲಿಗೂ ಬೇರೆ ಬೇರೆ ಬಣ್ಣವಿರಲಿ. ಅಲ್ಲಲ್ಲಿ ಹಗ್ಗ ಬಿಚ್ಚಿದೊಡನೆ ತೆರೆಯುವ ಕಡೆಗಳಿರಲಿ, ಅಲ್ಲಿ ಚಪ್ಪಲಿ ರಾಶಿಯಾಗಲಿ ಬೈಕುಗಳಾಗಲಿ ಸೇರದಂತೆ ಒಬ್ಬ ನಿಂತಿರಲಿ. ಇವು ಪೊಲೀಸರ ಮತ್ತು ಜಿಲ್ಲಾಡಳಿತದ ಒಪ್ಪಿಗೆಯಿಲ್ಲದೆ ಆಗುವ ಕೆಲಸಗಳಲ್ಲವಾದ್ದರಿಂದ, ಬಾಗಿಲು ತೆಗೆಯುವ ಮುನ್ನವೇ ಹೋಗಿ ಮಾತಾಡಿರಿ. ಎಇಡಿ ಎಲ್ಲಿರುತ್ತದೆಂದೂ ಆಗಲೇ ಕೇಳಿರಿ.

ಸಾಲು ಹಾದುಹೋಗುವ ಬೀದಿಗಳ ನಕ್ಷೆಯನ್ನು ಕೈಯಲ್ಲೇ ಬರೆದು ಫೋಟೊ ಕಳುಹಿಸಿದರೆ, ಯಾರು ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿ ಹಿಂದಿರುಗಿಸುತ್ತೇನೆ. ಚಿಕ್ಕಮ್ಮನವರಿಗೆ ನಮಸ್ಕಾರ ತಿಳಿಸಿರಿ.

ಇಂತಿ ನಿಮ್ಮ ಪ್ರೀತಿಯ ಮಗ