ಮಂಜುಗೆ, ಆ ‘ವಿದರ್’ ಅನ್ನೋ ಪದದ ಬಗ್ಗೆ

ಮಂಜು,

ಮೊನ್ನೆ ಫೋನಲ್ಲಿ ಅರ್ಧಂಬರ್ಧ ಹೇಳಿ ಇಟ್ಬಿಟ್ಟೆ, ಬಸ್ಸಲ್ಲಿದ್ದೆ, ಗಲಾಟೆಲಿ ಏನೂ ಸರಿಯಾಗಿ ಕೇಳಿಸ್ತಿರ್ಲಿಲ್ಲ. ಇಂಗ್ಲಿಷ್ ಪೇಪರಲ್ಲಿ ರೈತರ ಬಗ್ಗೆ ಬಂದ ಲೇಖನದ ಹೆಡ್ಡಿಂಗಲ್ಲಿ ‘ವಿದರ್’ ಅಂತಿತ್ತು, ಬೇಸಾಯ ಒಣಗೋಗ್ತಿದೆ ಅಂತ ಬರ್ದಿದಾರೆ ಅಂದ್ಕೊಂಡೆ ಅಂದ್ಯಲ್ಲ, ಒಣಗೋದು ಬಾಡೋದು ಅನ್ನೋ ವಿದರ್ ಬೇರೆ ಕಣೋ. ಅದರಲ್ಲಿ ಡಬ್ಲ್ಯೂ ಆದ್ಮೇಲೆ ಎಚ್ ಇರಲ್ಲ. ನೀನು ನೋಡಿದ್ದರಲ್ಲಿ ಎಚ್ ಇದೆ, ಅದು ಹಳೇ ಕಾಲದ ಪದ, ಅರ್ಥ ‘ಎಲ್ಲಿಗೆ’ ಅಷ್ಟೇ. ಬೇಸಾಯ ಎತ್ತ ಹೊರಟಿದೆ ಅಂತ ಕೇಳ್ತಿದಾರೆ ಅವ್ರು.

ಗಮನಿಸು, ‘ಎಲ್ಲಿ’ ಅಲ್ಲ, ‘ಎಲ್ಲಿಗೆ’. ಆ ‘ಗೆ’ಯಲ್ಲೇ ಎಲ್ಲಾ ಇರೋದು. ಹಿಂದೆ ಇಂಗ್ಲಿಷಲ್ಲೂ ನಮ್ಮ ಥರಾನೇ ಇರೋದಕ್ಕೊಂದು, ಹೋಗೋದಕ್ಕೊಂದು, ಬರೋದಕ್ಕೊಂದು ಅಂತ ಬೇರೆ ಬೇರೆ ಪದ ಇದ್ವು. ಎಲ್ಲಿ ಅನ್ನೋಕೆ ವೇರ್, ಎಲ್ಲಿಗೆ ಅನ್ನೋಕೆ ವಿದರ್, ಎಲ್ಲಿಂದ ಅನ್ನೋಕೆ ವೆನ್ಸ್. ಹಂಗೇ ಇಲ್ಲಿ, ಇಲ್ಲಿಗೆ, ಇಲ್ಲಿಂದ ಅನ್ನೋಕೆ ಹಿಯರ್, ಹಿದರ್, ಹೆನ್ಸ್. ಅಲ್ಲಿ, ಅಲ್ಲಿಗೆ, ಅಲ್ಲಿಂದ ಅನ್ನೋಕೆ ದೇರ್, ದಿದರ್, ದೆನ್ಸ್. ಒಟ್ಟು ಒಂಬತ್ತು. ಎಷ್ಟು ಚೆಂದ ಅಲ್ವಾ? ಜರ್ಮನ್‌ನವ್ರು ಇವತ್ತಿಗೂ ವೋ, ವೋಹಿನ್, ವೋಹೇರ್ ಅಂತ ಮೂರನ್ನೂ ಬೇರೆ ಬೇರೆ ಇಟ್ಕೊಂಡಿದಾರೆ.

ಸಾವಿರ ವರ್ಷದ ಹಿಂದೆ ವಿದರ್‌ನ ‘ಹ್ವಿಡೆರ್’ ಅಂತಿದ್ರು, ನಡುವೆ ಡ ಸದ್ದು. ಆಮೇಲೆ ಅದು ಮೆತ್ತಗಾಗಿ ದ ಆಯ್ತು. ಫಾದರ್, ಮದರ್, ವೆದರ್ ಪದಗಳಲ್ಲೂ ಮೊದ್ಲು ಡ ಸದ್ದೇ ಇತ್ತು, ಎಲ್ಲಾ ಒಟ್ಟಿಗೇ ಬದಲಾದ್ವು.

ಇದರ ಬಳಕೆ ನೋಡ್ಬೇಕು ಅಂದ್ರೆ 1611ರ ಇಂಗ್ಲಿಷ್ ಬೈಬಲ್ಲಲ್ಲಿ ರೂತಳ ಕಥೆ ಓದು. ಅತ್ತೆ ನವೊಮಿಗೆ ಗಂಡನೂ ಇಲ್ಲ ಮಕ್ಕಳೂ ಇಲ್ಲ, ಮೋವಾಬ್ ದೇಶ ಬಿಟ್ಟು ಬೆತ್ಲೆಹೇಮಿಗೆ ವಾಪಸ್ ಹೊರಟಿದಾಳೆ, ನೀವು ನಿಮ್ಮ ತವರಿಗೆ ಹೋಗ್ರಮ್ಮ ಅಂತ ಸೊಸೆಯಂದಿರಿಗೆ ಹೇಳ್ತಾಳೆ. ರೂತ್ ಮಾತ್ರ ಬಿಡಲ್ಲ. ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ ನಾನೂ ಬರ್ತೀನಿ, ನೀನು ಎಲ್ಲಿ ಉಳ್ಕೋತೀಯೋ ಅಲ್ಲೇ ನಾನೂ ಇರ್ತೀನಿ ಅಂತಾಳೆ. ಇಂಗ್ಲಿಷಲ್ಲಿ ಆ ಹೋಗೋದಕ್ಕೆ ವಿದರ್ ಹಾಕಿದಾರೆ, ಉಳ್ಕೊಳ್ಳೋದಕ್ಕೆ ವೇರ್. ಒಂದೇ ಮಾತಲ್ಲಿ ಎರಡೂ, ಅದನ್ನ ಓದಿದಾಗ ನಂಗೆ ಮೈ ಜುಂ ಅಂತು.

ಆದ್ರೆ ಜನದ ಬಾಯಲ್ಲಿ ವೇರ್ ಒಂದೇ ಎಲ್ಲಾ ಕೆಲ್ಸ ಮಾಡೋಕೆ ಶುರುವಾಯ್ತು, ‘ಗೆ’ ಬೇಕಾದ್ರೆ ಹಿಂದೆ ಟು ಸೇರಿಸು, ‘ಇಂದ’ ಬೇಕಾದ್ರೆ ಫ್ರಮ್ ಸೇರಿಸು. ವೆನ್ಸ್ ಒಳಗೇ ‘ಇಂದ’ ಇದೆ ಅನ್ನೋದೂ ಮರೆತು ಫ್ರಮ್ ವೆನ್ಸ್ ಅಂತ ಬರೆದ್ರು, ನಾವು ‘ಎಲ್ಲಿಂದದಿಂದ’ ಅಂದಂಗೆ. ಅದೇ 1611ರ ಬೈಬಲ್ಲಿನ ಕೀರ್ತನೆಗಳಲ್ಲೂ ಅದು ಇದೆ.

ಈಗ ವಿದರ್ ಉಳ್ದಿರೋದು ಪೇಪರ್ ಹೆಡ್ಡಿಂಗು, ಸೆಮಿನಾರ್ ಹೆಸರು, ಇಂಥ ಕಡೆ. ಪಕ್ಕದಲ್ಲಿ ಒಂದು ಹೆಸರಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ ಮುಗೀತು, ಕ್ರಿಯಾಪದಾನೂ ಬೇಡ. ನೀನೇನಾದ್ರೂ ಬಳಸೋದಾದ್ರೆ ಹೋಗೋ ವಿಷಯಕ್ಕೆ ಮಾತ್ರ ಬಳಸು, ಎಲ್ಲಿದೀಯಾ ಅನ್ನೋಕೆ ಹಾಕ್ಬೇಡ. ಹಿದರ್, ದಿದರ್ ಜೋಡಿ ‘ಅತ್ತಿತ್ತ’ ಅನ್ನೋ ಅರ್ಥದಲ್ಲಿ ಇನ್ನೂ ಜೀವ ಹಿಡ್ಕೊಂಡಿದೆ. ಹಿದರ್ಟು ಅನ್ನೋದು ಜಾಗ ಬಿಟ್ಟು ಕಾಲಕ್ಕೆ ಬಂದಿದೆ, ನಮ್ಮ ‘ಇಲ್ಲಿಯವರೆಗೆ’ ಥರಾನೇ.

ನಿನ್ ಜೊತೆ ಫೋನಲ್ಲಿದ್ದಾಗ್ಲೇ ಕಂಡಕ್ಟರ್ ಬಂದು ‘ಎಲ್ಲಿಂದ ಎಲ್ಲಿಗೆ?’ ಅಂದ. ಎರಡೇ ಪದ ಕಣೋ, ಒಂದು ವೆನ್ಸ್ ಒಂದು ವಿದರ್! ಟಿಕೆಟ್ ಕೈಲಿ ಹಿಡ್ಕೊಂಡು ಇಳಿಯೋ ತನ್ಕ ಅದನ್ನೇ ಯೋಚಿಸ್ತಿದ್ದೆ. ನಮ್ಮಮ್ಮಂಗೆ ಆ ‘ಗೆ’ ಮೇಲೆ ಎಷ್ಟು ಭಯ ಗೊತ್ತಲ್ಲ, ಹೊರಟೋರನ್ನ ಎಲ್ಲಿಗೆ ಅಂತ ಯಾವತ್ತೂ ಕೇಳಲ್ಲ, ‘ದೂರ ಹೊರಟ್ಯಾ?’ ಅಂತಾರೆ. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಕೊಳ್ಳೋವಾಗ್ಲೂ ಅದೇ ಕೇಳಿದ್ರು.

ಆ ಪೇಪರ್ ಕಟಿಂಗ್ ಎಸೀಬೇಡ, ಹಬ್ಬಕ್ಕೆ ಊರಿಗೆ ಬರ್ತೀಯಲ್ಲ, ಆಗ ತಗೊಂಡ್ಬಾ, ಇಬ್ರೂ ಕೂತು ಓದೋಣ.

ಇಂತಿ ನಿನ್ನ ಗೆಳೆಯ