ಫಲಾನುಭವಿ ಎಂದರೆ ಯಾರು? ಮಾನ್ಯ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರಗಳು. ಮೂರು ವರ್ಷಗಳಿಂದ ಮನವಿ, ಜ್ಞಾಪನೆ, ಮತ್ತೆ ಮನವಿ ಎಂದು ತಮ್ಮ ಕಚೇರಿಗೆ ಅಲೆದು, ಸ್ವೀಕೃತಿಯ ಮೊಹರು ಬಿದ್ದ ಏಳು ಪ್ರತಿಗಳನ್ನು ಕಡತದಲ್ಲಿ ಜೋಡಿಸಿಟ್ಟುಕೊಂಡು, ಇನ್ನು ಎಂಟನೆಯದನ್ನೂ ಹಾಗೆಯೇ ಕೊಟ್ಟು ಬರುವುದರಲ್ಲಿ ಅರ್ಥವಿಲ್ಲ ಎನ್ನಿಸಿದ್ದರಿಂದ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಅನುದಾನ ಕೇಳುತ್ತಿಲ್ಲ. ತಾವು ಉದ್ಘಾಟಿಸಿದ ಸಮುದಾಯ ಆರೈಕೆ ಕಾರ್ಯಕ್ರಮವು ಯಾರಿಗಾಗಿ ನಡೆಯುತ್ತಿದೆ ಎಂಬುದನ್ನು ಒಂದೇ ಒಂದು ಪುಟದಲ್ಲಿ ಸ್ಪಷ್ಟವಾಗಿ ಬರೆಸಿ, ಕೇಂದ್ರದ ಬಾಗಿಲಿಗೆ ಅಂಟಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ಅದನ್ನು ಆಗಲೇ ಬರೆದಿದ್ದಾರಲ್ಲ ಎಂದು ತಮ್ಮ ಆಪ್ತ ಸಹಾಯಕರು ಹೇಳುತ್ತಾರೆ. ಹೌದು, ಬರೆದಿದ್ದಾರೆ. ಹದಿನಾಲ್ಕು ಪುಟಗಳ ಯೋಜನಾ ವರದಿಯಲ್ಲಿ ಗೋಡೆಯ ಬಣ್ಣವಿದೆ, ಕುರ್ಚಿಗಳ ಸಂಖ್ಯೆಯಿದೆ, ನಾಮಫಲಕದ ಉದ್ದಗಲವಿದೆ, ಅದರ ಮೇಲೆ ಯಾರ ಹೆಸರಿನ ನಂತರ ಯಾರ ಹೆಸರು ಬರಬೇಕೆಂಬ ವಿವರವೂ ಇದೆ. ‘ಗುರಿ ಸಮೂಹ’ ಎಂಬ ಶೀರ್ಷಿಕೆಯ ಕೆಳಗೆ ಮಾತ್ರ ಒಂದೇ ಸಾಲು: ‘ಹಿರಿಯ ನಾಗರಿಕರು, ವಿಕಲಚೇತನರು, ದುರ್ಬಲ ವರ್ಗದವರು ಹಾಗೂ ಅಗತ್ಯವುಳ್ಳ ಎಲ್ಲ ಸಾರ್ವಜನಿಕರು.’ ಈ ಸಾಲಿನ ಪ್ರಕಾರ ತಾವೂ ಫಲಾನುಭವಿ, ನಾನೂ ಫಲಾನುಭವಿ, ಕೇಂದ್ರದ ಮುಂದೆ ಗಾಡಿ ನಿಲ್ಲಿಸಿ ಹೋಗುವವನೂ ಫಲಾನುಭವಿ. ನನ್ನ ತಾಯಿ ಮಾತ್ರ ಅಲ್ಲವಂತೆ. ಅದು ಹೇಗೆಂದು ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ ಓದಬೇಕು.

ನನ್ನ ತಾಯಿಗೆ ಈಗ 71 ವರ್ಷ. ಆರು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಯಿದೆ. ಮನೆಯೊಳಗೆ ನಡೆಯುತ್ತಾ ಬಂದವರು ಹೊಸ್ತಿಲ ಮುಂದೆ ಬಂದೊಡನೆ ಪಾದಗಳು ನೆಲಕ್ಕೆ ಅಂಟಿದವರಂತೆ ನಿಂತುಬಿಡುತ್ತಾರೆ. ನೆಲದ ಮೇಲೆ ಒಂದು ಗೆರೆ ಎಳೆದು ‘ಇದನ್ನು ದಾಟಮ್ಮ’ ಎಂದರೆ ದಾಟುತ್ತಾರೆ. ಮಾತ್ರೆ ನುಂಗಿ ಮುಕ್ಕಾಲು ಗಂಟೆ ಕಳೆದ ಮೇಲೆ ಕೈಕಾಲು ಹಿಡಿತಕ್ಕೆ ಬರುತ್ತವೆ, ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗುತ್ತಿದ್ದಂತೆ ಮತ್ತೆ ಬಿಗಿಯುತ್ತವೆ. ನಾನು ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವರು ಮನೆಯಲ್ಲಿ ಒಬ್ಬರೇ. ಹಗಲು ಹೊತ್ತಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಕೇಂದ್ರವೊಂದು ನಮ್ಮ ವಾರ್ಡಿನಲ್ಲೇ ಆರಂಭವಾಗುತ್ತದೆ ಎಂದು ತಾವು ಮೈಕಿನಲ್ಲಿ ಘೋಷಿಸಿದ ದಿನ, ಸುಳ್ಳೇಕೆ ಹೇಳಲಿ, ನಾನು ಜೋರಾಗಿಯೇ ಚಪ್ಪಾಳೆ ತಟ್ಟಿದ್ದೆ.

ಮೊದಲ ದಿನ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಹೋದೆ. ನಡೆಯಲಾಗದವರ ಕೇಂದ್ರವಿದ್ದದ್ದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಇಪ್ಪತ್ತೆರಡು ಮೆಟ್ಟಿಲು. ನಾನು ಮತ್ತು ಒಬ್ಬ ಆಟೋ ಚಾಲಕರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹತ್ತಿದೆವು. ಮೇಲೆ ಹೋದೊಡನೆ ಯಾರೋ ಕೈಗೆ ಒಂದು ಹೂ ಕೊಟ್ಟು ಫೋಟೊ ತೆಗೆದರು. ಬಳಿಕ ಅರ್ಜಿ ಬಂತು. ಅಮ್ಮ ಸಹಿ ಮಾಡಿದರು. ಈ ಕಾಯಿಲೆಯಲ್ಲಿ ಕೈಬರಹ ಕುಗ್ಗುತ್ತಾ ಹೋಗುತ್ತದೆ. ಮೊದಲ ಅಕ್ಷರ ಅಕ್ಕಿಕಾಳಿನಷ್ಟಿದ್ದರೆ ಕೊನೆಯದು ಸಾಸಿವೆಯಷ್ಟಾಗಿತ್ತು. ಗುಮಾಸ್ತರು ಅದನ್ನು ಹಳೆಯ ಗುರುತಿನ ಚೀಟಿಯ ಸಹಿಯ ಪಕ್ಕದಲ್ಲಿಟ್ಟು ನೋಡಿ, ‘ತಾಳೆಯಾಗುವುದಿಲ್ಲ, ಇನ್ನೊಮ್ಮೆ ಸರಿಯಾಗಿ ಮಾಡಿಸಿ’ ಎಂದರು. ನಾಲ್ಕು ಬಾರಿ ಮಾಡಿಸಿದರು. ನಾಲ್ಕನೆಯ ಸಲ ಕಾಗದದ ಮೇಲೆ ಉಳಿದದ್ದು ಒಂದು ನಡುಗುವ ಗೆರೆ ಮಾತ್ರ. ಕೊನೆಗೆ, ಇವರು ಯಾವ ಸಂಘದ ಸದಸ್ಯರೂ ಅಲ್ಲವಾದ್ದರಿಂದ ಫಲಾನುಭವಿಗಳ ಪಟ್ಟಿಯಲ್ಲಿ ಸೇರಿಸಲು ಬರುವುದಿಲ್ಲ ಎಂದು ತಿಳಿಸಿ ಅರ್ಜಿಯನ್ನು ಹಿಂದಿರುಗಿಸಿದರು. ಅದೇ ಕುರ್ಚಿಯಲ್ಲಿ ಅದೇ ಇಪ್ಪತ್ತೆರಡು ಮೆಟ್ಟಿಲು ಇಳಿಸಿಕೊಂಡು ಬಂದೆವು. ಅಮ್ಮ ದಾರಿಯುದ್ದಕ್ಕೂ ತಮ್ಮ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು.

ಎಂಟು ತಿಂಗಳ ಬಳಿಕ ಕಾರ್ಯಕ್ರಮದ ಸಾಧನೆಯ ಕಿರುಹೊತ್ತಗೆ ಮನೆ ಮನೆಗೆ ಬಂತು. ಮುಖಪುಟದಲ್ಲಿ ಹೂ ಹಿಡಿದ ನನ್ನ ತಾಯಿ ಇದ್ದಾರೆ. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಸಂತೃಪ್ತ ಫಲಾನುಭವಿ’ ಎಂದಿದೆ. ಮಾನ್ಯರೇ, ಸಹಿ ತಾಳೆಯಾಗದ ಮುಖವು ಮುಖಪುಟಕ್ಕೆ ಮಾತ್ರ ಅಷ್ಟು ಸಲೀಸಾಗಿ ತಾಳೆಯಾದದ್ದು ಹೇಗೆ ಎಂಬುದನ್ನು ಯಾರಾದರೂ ವಿವರಿಸಿದರೆ ನಾನು ಋಣಿಯಾಗಿರುತ್ತೇನೆ.

ನಿಯಮಗಳನ್ನು ರೂಪಿಸುವ ಸದನದಲ್ಲಿ ಕುಳಿತವರು ತಾವು, ತಮಗೆ ಕಾನೂನು ಹೇಳಿಕೊಡುವ ಉದ್ಧಟತನ ನನಗಿಲ್ಲ. ಆದರೂ ವರದಿ ಬರೆದವರಿಗೆ ತಾವು ನೆನಪಿಸಬೇಕಾದ ಒಂದೆರಡು ಸಂಗತಿಗಳಿವೆ. ‘ಹಿರಿಯ ನಾಗರಿಕ’ ಎಂಬುದು ಬಾಯಿಮಾತಿನ ಗೌರವವಾಚಕವಲ್ಲ; ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯು 60 ವರ್ಷ ತುಂಬಿದ ಭಾರತದ ನಾಗರಿಕರೆಂದು ಅದನ್ನು ಸ್ಪಷ್ಟಪಡಿಸಿದೆ. ವಿಕಲಚೇತನರ ವಿಷಯದಲ್ಲಿ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೆಸರಿಸಿದ್ದರೆ, ಅದರ ಜಾಗಕ್ಕೆ ಬಂದ 2016ರ ಕಾಯ್ದೆಯಲ್ಲಿ 21 ಬಗೆಗಳಿವೆ, ಪಾರ್ಕಿನ್ಸನ್ ಕಾಯಿಲೆಯ ಹೆಸರು ಅದರ ಅನುಸೂಚಿಯಲ್ಲೇ ಇದೆ. ವೈಕಲ್ಯದ ಪ್ರಮಾಣ ಕನಿಷ್ಠ ಶೇಕಡಾ 40 ಇರಬೇಕೆಂಬ ಮಿತಿ ಯಾವುದಕ್ಕೆ ಅನ್ವಯಿಸುತ್ತದೆ ಎಂಬುದೂ ಅಲ್ಲಿಯೇ ಇದೆ. ಇಷ್ಟೇ ಅಲ್ಲ, ಸಂಬಳ ಪಡೆದೋ ಪಡೆಯದೆಯೋ ವಿಕಲಚೇತನರ ಆರೈಕೆ ಮಾಡುವ ಮನೆಯವರನ್ನು ಕೂಡ ಆ ಕಾಯ್ದೆ ‘ಆರೈಕೆದಾರ’ ಎಂದು ಗುರುತಿಸುತ್ತದೆ. ತಮ್ಮ ಹದಿನಾಲ್ಕು ಪುಟಗಳಲ್ಲಿ ಆರೈಕೆದಾರನೆಂಬ ಪ್ರಾಣಿ ಒಂದು ಕಡೆಯೂ ಸುಳಿಯುವುದಿಲ್ಲ.

ಸಂಖ್ಯೆಯ ಕಥೆಯೂ ಹೀಗೆಯೇ. ವರದಿಯಲ್ಲಿ ವಾರ್ಡಿನ ವಿಕಲಚೇತನರ ಲೆಕ್ಕವನ್ನು 2011ರ ಜನಗಣತಿಯಿಂದ ಎತ್ತಿಕೊಂಡಿದ್ದಾರೆ. ಆ ಗಣತಿಯಲ್ಲಿ ದೇಶದಲ್ಲಿ ಸಿಕ್ಕವರು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇಕಡಾ 2.21. ಆದರೆ ಅದು 21 ಬಗೆಗಳ ಕಾಯ್ದೆ ಬರುವುದಕ್ಕಿಂತ ಐದು ವರ್ಷ ಮೊದಲಿನ ಎಣಿಕೆ. ನನ್ನ ತಾಯಿ ಆಗ ರಂಗೋಲಿಯ ಎಳೆಯನ್ನು ನಡುಗದೆ ಎಳೆಯುತ್ತಿದ್ದರು. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲೇ ಇಲ್ಲ. ಹಾಗಿರುವಾಗ ಹಳೆಯ ಅಂಕಿಯನ್ನು ನಕಲು ಮಾಡಿ, ಅದರ ಎದುರು ‘ಗುರಿ ಶೇಕಡಾ ನೂರರಷ್ಟು ಸಾಧಿಸಲಾಗಿದೆ’ ಎಂದು ಬರೆಯುವ ಧೈರ್ಯವನ್ನು ನಾನು ಮೂವತ್ತು ವರ್ಷಗಳ ಲೆಕ್ಕಪತ್ರದ ಕೆಲಸದಲ್ಲಿ ಕಂಡಿಲ್ಲ. ಹಾಜರಿ ಪುಸ್ತಕ ನೋಡಿದರೆ ಗುಟ್ಟು ತಿಳಿಯುತ್ತದೆ: ಬಂದವರ ಹೆಸರನ್ನೇ ಬರಬೇಕಾದವರ ಪಟ್ಟಿ ಎಂದು ಬರೆದುಕೊಂಡಿದ್ದಾರೆ. ಮೊದಲು ಬಾಣ ಬಿಟ್ಟು ಆಮೇಲೆ ಅದರ ಸುತ್ತ ವೃತ್ತ ಬರೆದರೆ ಗುರಿ ತಪ್ಪುವುದಾದರೂ ಹೇಗೆ?

ಹಾಗಾದರೆ ಬರಬೇಕಾದವರು ಯಾರೆಂದು ತಿಳಿಯುವುದು ಕಷ್ಟವೇ? ಖಂಡಿತ ಇಲ್ಲ. ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ 30 ವರ್ಷ ದಾಟಿದ ಪ್ರತಿಯೊಬ್ಬರ ಆರೋಗ್ಯದ ಪ್ರಶ್ನಾವಳಿಯನ್ನು ಮನೆ ಬಾಗಿಲಲ್ಲಿ ನಿಂತು ಭರ್ತಿ ಮಾಡಿಕೊಂಡು ಹೋಗಿದ್ದಾರೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮಕ್ಕಳು ಪರಊರಿನಲ್ಲಿದ್ದಾರೆ, ಯಾವ ಅಜ್ಜಿ ಮಧ್ಯಾಹ್ನದ ಮಾತ್ರೆಯನ್ನು ಮರೆಯುತ್ತಾರೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ನಾನು ಒಂದು ಸಂಜೆ ವಿಚಾರಿಸಿದಾಗ, ಹಗಲೆಲ್ಲ ಒಬ್ಬರೇ ಇರುವ ಹನ್ನೊಂದು ಮಂದಿ ವೃದ್ಧರನ್ನು ನಮ್ಮ ಬೀದಿಯೊಂದರಲ್ಲೇ ಬೆರಳು ಮಡಚಿ ಎಣಿಸಿ ಹೇಳಿದರು. ಅವರಲ್ಲಿ ಒಬ್ಬರೂ ಕೇಂದ್ರದ ಪಟ್ಟಿಯಲ್ಲಿಲ್ಲ. ವರದಿ ತಯಾರಿಸುವಾಗ ತಮ್ಮನ್ನು ಯಾರಾದರೂ ಕೇಳಿದ್ದರೇ ಎಂದೆ. ಅವರು ನಕ್ಕರು.

ಮಾಹಿತಿ ಹಕ್ಕು ಕಾಯ್ದೆಯಡಿಯೂ ಅರ್ಜಿ ಹಾಕಿದೆ. ಸಹಾಯಧನದ ಕಾರ್ಯಕ್ರಮಗಳನ್ನು ಜಾರಿಗೊಳಿಸುವ ವಿಧಾನ, ಹಂಚಿದ ಮೊತ್ತ, ಫಲಾನುಭವಿಗಳ ವಿವರ ಇವನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಆ ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ. ನಾನು ಕೇಳಿಯೂ ಆಯಿತು. ಮೂವತ್ತು ದಿನಗಳ ಗಡುವು ಮುಗಿದು ಇನ್ನೂ ಎರಡು ತಿಂಗಳು ಕಳೆದ ಮೇಲೆ ಬಂದ ಉತ್ತರವನ್ನು ಪೂರ್ತಿಯಾಗಿ ಇಲ್ಲಿ ಕೊಡುತ್ತಿದ್ದೇನೆ, ಹೆಚ್ಚು ಜಾಗ ಬೇಕಿಲ್ಲ: ‘ಫಲಾನುಭವಿಗಳು: ಸಾರ್ವಜನಿಕರು.’

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ, ಒಂದು ಪುಟ ಬರೆಸಿ. ಎಷ್ಟು ವಯಸ್ಸಿನವರು, ಯಾವ ತೊಂದರೆಯುಳ್ಳವರು, ವಾರ್ಡಿನಲ್ಲಿ ಎಷ್ಟು ಮಂದಿ, ಮನೆಯಲ್ಲಿ ಅವರ ಜೊತೆ ಯಾರಿದ್ದಾರೆ, ಯಾವ ಹೊತ್ತಿನಲ್ಲಿ ಬರಬಲ್ಲರು, ಬರಲಾರದಂತೆ ತಡೆಯುತ್ತಿರುವುದೇನು ಎಂಬುದು ಅದರಲ್ಲಿರಲಿ. ಅದನ್ನು ಬರೆಯಲು ಕುಳಿತವರಿಗೆ ಕೇಂದ್ರ ಮೊದಲ ಮಹಡಿಯಲ್ಲಿರಬಾರದು ಎಂಬುದು ಎರಡನೆಯ ಸಾಲಿನಲ್ಲೇ ಹೊಳೆಯುತ್ತದೆ, ಹನ್ನೊಂದರಿಂದ ಒಂದು ಗಂಟೆಯವರೆಗೆ ಮಾತ್ರ ಬಾಗಿಲು ತೆರೆದರೆ ದುಡಿಯುವ ಮನೆಗಳಿಗೆ ಉಪಯೋಗವಿಲ್ಲವೆಂಬುದು ಐದನೆಯ ಸಾಲಿನಲ್ಲಿ ಹೊಳೆಯುತ್ತದೆ. ಸಹಿ ಮಾಡಲಾಗದವರಿಗೆ ಹೆಬ್ಬೆಟ್ಟೋ ಆರೈಕೆದಾರನ ಸಹಿಯೋ ಸಾಕೆಂಬುದು ಹೊಳೆಯದೆ ಹೋದರೆ ನನ್ನನ್ನು ಕರೆಸಿ, ರಜೆ ಹಾಕಿ ಬರುತ್ತೇನೆ. ರಜೆ ಹಾಕುವುದು ನನಗೀಗ ಅಭ್ಯಾಸವಾಗಿದೆ.

ಯಾರನ್ನಾದರೂ ಹೊರಗಿಡಬೇಕಾದರೆ ಅದನ್ನೂ ಬರೆಯಿರಿ. ಹಣ ಕಡಿಮೆಯಿದೆ, ಈ ವರ್ಷ ಇಪ್ಪತ್ತು ಮಂದಿಗೆ ಮಾತ್ರ ಸಾಧ್ಯ, ಹಾಸಿಗೆ ಹಿಡಿದವರಿಗೆ ಇನ್ನೂ ವ್ಯವಸ್ಥೆಯಿಲ್ಲ ಎಂದು ನೇರವಾಗಿ ಹೇಳಿದರೆ ನಾವು ಒಪ್ಪಿಕೊಂಡೇವು. ಎಲ್ಲರಿಗೂ ಇದೆ ಎಂದು ಕಾಗದದಲ್ಲಿ ಹೇಳಿ, ಮೆಟ್ಟಿಲು ಹತ್ತಿಸಿ, ಫೋಟೊ ತೆಗೆದು, ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಳಿಸುವುದನ್ನು ಒಪ್ಪಲಾರೆವು.

ಆ ಕಿರುಹೊತ್ತಗೆಯ ಎರಡನೆಯ ಮುದ್ರಣ ಆಗಲಿದೆಯೆಂದು ಕೇಳಿದ್ದೇನೆ. ನನ್ನ ತಾಯಿಯ ಚಿತ್ರವನ್ನು ತೆಗೆಸಬೇಕೆಂದು ಮೊದಲು ಬರೆದಿದ್ದೆ. ಈಗ ಆ ಮನವಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ಚಿತ್ರ ಇರಲಿ. ಮುದ್ರಣಕ್ಕೆ ಹೋಗುವ ಮುನ್ನ ಅವರ ಹೆಸರನ್ನೂ, ನಮ್ಮ ಬೀದಿಯ ಆ ಹನ್ನೊಂದು ಹೆಸರುಗಳನ್ನೂ ಪಟ್ಟಿಗೆ ಸೇರಿಸಿ, ಮತ್ತು ಆ ಒಂದು ಪುಟವನ್ನು ಬಾಗಿಲಿಗೆ ಅಂಟಿಸಿ. ಕೆಳಗಡೆಯ ಬಾಗಿಲಿಗೆ, ದಯವಿಟ್ಟು. ಮೇಲಕ್ಕೆ ಹತ್ತಿ ಓದಲು ಅವರಿಗೆ ಆಗುವುದಿಲ್ಲ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ, ಒಬ್ಬ ಆರೈಕೆದಾರ